ರಸ್ತೆ ಮುಚ್ಚಿದೆ

ಕೈಯಲ್ಲಿ ಊಟದ ಕ್ಯಾರಿಯರ್ ಹಿಡಿದು ಆಟೋ ಹತ್ತಿದಾಗ ಹನ್ನೆರಡಾಗಿತ್ತು. ಹಡ್ಸನ್ ವೃತ್ತದ ಕಡೆಯಿಂದ ಕಬ್ಬನ್ ಪಾರ್ಕಿನೊಳಗೆ ಹೊಕ್ಕು ಸ್ವಲ್ಪ ದೂರ ಹೋಗುವಷ್ಟರಲ್ಲಿ ಆಟೋ ನಿಂತುಬಿಟ್ಟಿತು. ಎದುರಿಗೆ ಅಡ್ಡ ಇಟ್ಟ ಡ್ರಮ್ಮುಗಳು, ಒಂದು ಫಲಕ: ಕಾಮಗಾರಿ ನಡೆಯುತ್ತಿದೆ, ರಸ್ತೆ ತಾತ್ಕಾಲಿಕವಾಗಿ ಮುಚ್ಚಿದೆ. ಇದನ್ನೇ ಗೇಟಿನ ಹತ್ತಿರ ಬರೆದು ಹಾಕಬಾರದಿತ್ತೇ? ಶಿವಾಜಿನಗರದ ಕಡೆಯ ಆಸ್ಪತ್ರೆಯಲ್ಲಿ ಚಿಕ್ಕಮ್ಮ ಮಲಗಿದ್ದರು. ಸಕ್ಕರೆ ಕಾಯಿಲೆ. ಇಂಜೆಕ್ಷನ್ ಆದ ಮೇಲೆ ಊಟ ತಡವಾಗಕೂಡದು.

"ವಾಪಸ್ ಹೋಗಿ ಸುತ್ಕೊಂಡು ಹೋಗ್ಬೇಕಮ್ಮ" ಎಂದ ಆಟೋದವನು. ಊರನ್ನೆಲ್ಲ ಬೈದುಕೊಳ್ಳುತ್ತ ಇಳಿದೆ.

ಬೈಯುವಾಗಲೇ ನಾಚಿಕೆಯೂ ಆಯಿತೆನ್ನಿ. ಯಾಕೆಂದರೆ ಈ ಪಾರ್ಕಿನೊಳಗೆ ವಾಹನ ಬಿಡಲೇಬಾರದೆಂದು ಸಹಿ ಹಾಕಿದವಳು ನಾನು! 1870ರಲ್ಲಿ ಸ್ಯಾಂಕಿ ಎಂಬ ಇಂಜಿನಿಯರು ಸುಮಾರು 100 ಎಕರೆಯಲ್ಲಿ ಹಾಕಿಸಿದ ತೋಟ ಇದು. ಆಮೇಲೆ 300 ಎಕರೆಯಷ್ಟು ಬೆಳೆಯಿತು. ಆಗ ಇದರ ದಾರಿಗಳಲ್ಲಿ ಓಡುತ್ತಿದ್ದದ್ದು ಕುದುರೆಗಾಡಿ. ಈಗ ಅವು ಊರಿನ ಒಂದು ತುದಿಯಿಂದ ಇನ್ನೊಂದಕ್ಕೆ ಹಾರುವವರ ಅಡ್ಡದಾರಿ. 2015ರಿಂದ ಭಾನುವಾರ ವಾಹನ ನಿಲ್ಲಿಸಿದರು. 2020ರ ಲಾಕ್‌ಡೌನಿನಲ್ಲಂತೂ ತಿಂಗಳುಗಟ್ಟಲೆ ಹಕ್ಕಿಗಳ ಸದ್ದು ಬಿಟ್ಟರೆ ಬೇರೆ ಇರಲಿಲ್ಲ. ಮತ್ತೆ ವಾಹನ ಬಿಡುವ ಮಾತು ಬಂದಾಗ ವಾಕಿಂಗಿನವರೆಲ್ಲ ಬೇಡವೆಂದರು, ನಾನೂ ಅಂದೆ. ಕೊನೆಗೆ ಬಿಟ್ಟೇ ಬಿಟ್ಟರು. ಆ ಸಹಿಗೂ ಈ ಬೈಗುಳಕ್ಕೂ ಒಂದೇ ಕೈ, ಒಂದೇ ಬಾಯಿ.

ಅಗೆದ ಜಾಗದ ಪಕ್ಕದಲ್ಲಿ ಜಲ್ಲಿ ಹೊರುತ್ತಿದ್ದ ಹೆಂಗಸು ನನ್ನ ಪರದಾಟ ನೋಡಿದಳು. "ದವಾಖಾನಿಗಿ ಹೊಂಟೀರೇನವ್ವಾ? ಈ ಕಡಿಂದ ಬರ್ರಿ, ಕಾಲು ನೋಡ್ಕೋರಿ" ಎಂದು ಬಾಣಲೆ ಕೆಳಗಿಟ್ಟು ಕ್ಯಾರಿಯರ್ ಇಸಿದುಕೊಂಡಳು. ರಾಯಚೂರಿನ ಕಡೆಯವಳಂತೆ. ಮರದ ಕೊಂಬೆಗೆ ಹಳೆಯ ಸೀರೆಯ ಜೋಲಿ. ಒಳಗೆ ಅವಳ ಮಗು ನಿದ್ದೆಹೋಗಿತ್ತು. ದಿನವೂ ವಾಹನ ಕಿರುಚುವ ಜಾಗ ಅದು. ನನ್ನ ದಾರಿ ಮುಚ್ಚಿದ್ದರಿಂದ ಆ ಕೂಸಿಗೆ ಒಂದಿಷ್ಟು ನಿದ್ದೆ ದಕ್ಕಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ನನ್ನ ಅವಸರ ಎಷ್ಟು ಸಣ್ಣದು ಎಂದು ಬರೆದು ಪುಣ್ಯ ಕಟ್ಟಿಕೊಳ್ಳಬಹುದಿತ್ತು. ಆದರೆ ಹೈಕೋರ್ಟಿನ ಕಡೆಯಲ್ಲಿ ಇನ್ನೊಂದು ಆಟೋ ಹಿಡಿದು ಮುಟ್ಟಿದಾಗ ಚಿಕ್ಕಮ್ಮನ ಕೈ ನಡುಗುತ್ತಿತ್ತು, ಮುಖದಲ್ಲಿ ಬೆವರು. ನರ್ಸ್ ಸಕ್ಕರೆ ನೀರು ಕುಡಿಸಿದ್ದಳು. "ಬಾಗಿಲನ್ನೇ ನೋಡ್ತಿದ್ದೆ ಕಣೇ" ಎಂದರು, ಅಷ್ಟೇ. ನಾನು ಬಯಸಿದಂತೆ ಈ ದಾರಿ ಶಾಶ್ವತವಾಗಿ ಮುಚ್ಚಿದ್ದರೆ ಇಂಥ ಎಷ್ಟು ಚಿಕ್ಕಮ್ಮಂದಿರು ಕಾಯಬೇಕೋ! ಪಾರ್ಕು ಇರುವುದು ಆಸ್ಪತ್ರೆಗೆ ದಾರಿ ಕೊಡುವುದಕ್ಕಲ್ಲ, ಸುತ್ತ ಬೇಕಾದಷ್ಟು ರಸ್ತೆಗಳಿವೆ ಎಂಬುದೂ ನಿಜವೇ. ಅದಕ್ಕಿಂತ ನಿಜವಾದ ಇನ್ನೊಂದು ಮಾತಿದೆ, ಹೇಳಲು ಮನಸ್ಸಿಲ್ಲ. ಅಂದು ನಾನು ಹನ್ನೊಂದೂವರೆಗೇ ಹೊರಡಬಹುದಿತ್ತು. ಫೋನಿನಲ್ಲಿ ಅಕ್ಕನ ಜೊತೆ ನಾದಿನಿಯ ವಿಷಯ ಮಾತಾಡುತ್ತ ಕೂತಿದ್ದೆ. ಹೋಗುವ ದಾರಿ ಸದಾ ತೆರೆದೇ ಇರುತ್ತದೆಂಬ ಧೈರ್ಯ. ಆ ಧೈರ್ಯಕ್ಕೆ ಬೆಲೆ ತೆತ್ತವರು ಮಾತ್ರ ಚಿಕ್ಕಮ್ಮ.

ಹಾಗಾದರೆ ಸಹಿ ವಾಪಸು ತೆಗೆದುಕೊಳ್ಳುವೆಯಾ ಎಂದು ನಮ್ಮವರು ಕೇಳಿದರು. ಇಲ್ಲ ಎಂದೆ. ಆದರೆ ಅಡ್ಡದಾರಿ ಹಿಡಿದ ಪ್ರತಿಯೊಬ್ಬರನ್ನೂ ಸೋಮಾರಿಗಳೆಂದುಕೊಳ್ಳುತ್ತಿದ್ದೆನಲ್ಲ, ಅದನ್ನು ಬಿಟ್ಟಿದ್ದೇನೆ. ಅವರ ಕೈಯಲ್ಲೂ ಕ್ಯಾರಿಯರ್ ಇರಬಹುದು.

ತಿಂಗಳಾದ ಮೇಲೆ ಒಂದು ಭಾನುವಾರ ಮಗಳ ಜೊತೆ ಹೋಗಿದ್ದೆ. ಹೊಸ ಟಾರಿನ ಮೇಲೆ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು. ಕೆಲಸದವರು ಯಾವ ರಸ್ತೆಗೆ ಹೋದರೋ. ಜೋಲಿ ಕಟ್ಟಿದ್ದ ಕೊಂಬೆ ಯಾವುದೆಂದು ತಲೆಯೆತ್ತಿ ಹುಡುಕಿದೆ, ಗುರುತು ಸಿಗಲಿಲ್ಲ.

"ಹಕ್ಕಿ ಇದ್ಯಾ ಅಮ್ಮ?" ಎಂದು ಮಗಳೂ ತಲೆಯೆತ್ತಿದಳು.