ಹಾಸುಗಲ್ಲಿನ ಕೆಳಗೆ

ಬೆಳಗಿನ ಜಾವ ಸಿಕಂದರಾಬಾದ್ ಕಡೆಯ ರೈಲು ಕುರಕುಂಟಾ ದಾಟುವಾಗ ನಮ್ಮ ಮನೆಯ ತಗಡು ಸಣ್ಣಗೆ ನಡುಗುತ್ತದೆ. ಅಂಗಳದ ಪರಸಿ ಕಲ್ಲು ಮಾತ್ರ ಅಲುಗದು. ಚಹಾ ಹಿಡಿದು ಅದರ ಮೇಲೆ ಕುಂತರೆ ರಾತ್ರಿಯ ತಂಪು ಇನ್ನೂ ಅಂಗಾಲಿಗೆ ಹತ್ತುತ್ತದೆ. ಸೇಡಂ, ಚಿತ್ತಾಪುರ, ಶಹಾಬಾದ್ ಸೀಮೆಯ ನಾವು ಈ ಕಲ್ಲನ್ನು ಎಬ್ಬಿಸಿ ಊರೂರಿಗೆ ಕಳಿಸಿದವರು. ಒಮ್ಮೆ ಹಾಸಿದ ಮೇಲೆ ಕೆಳಗಿನ ಮಣ್ಣು ಯಾರ ನೆನಪಿಗೂ ಬರುವುದಿಲ್ಲ.

ಆ ಮರೆವನ್ನೇ ನಂಬಿ ಒಬ್ಬ ಮೂರು ವರ್ಷ ನಿಶ್ಚಿಂತನಾಗಿದ್ದ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕಿರಾ ಖಲೀಲಿ 1991ರ ಮೇ ಕೊನೆಯಿಂದ ಬೆಂಗಳೂರಿನ ರಿಚ್ಮಂಡ್ ರಸ್ತೆಯ ಮನೆಯಲ್ಲಿ ಕಾಣಲಿಲ್ಲ. ಗಂಡ ಸ್ವಾಮಿ ಶ್ರದ್ಧಾನಂದ ಕೇಳಿದವರಿಗೆಲ್ಲ ಏನೋ ಒಂದು ಸಬೂಬು ಹೇಳುತ್ತ ಬಂದ. ಮಗಳು ನಂಬಲಿಲ್ಲ. 1992ರಲ್ಲಿ ಅಶೋಕನಗರ ಠಾಣೆಗೆ ದೂರು ಕೊಟ್ಟರು. 1994ರ ಮಾರ್ಚ್ 30ರಂದು ಆ ಮನೆಯ ಹಿತ್ತಲು ಅಗೆದಾಗ ಮರದ ಪೆಟ್ಟಿಗೆಯೊಳಗೆ ಅಸ್ಥಿಪಂಜರ ಸಿಕ್ಕಿತು.

ಸಿಕ್ಕಿದ್ದು ಎಲುಬು, ಹೆಸರಲ್ಲ. ತಲೆಬುರುಡೆಯನ್ನು ಫೋಟೋದ ಮೇಲೆ ಕೂಡಿಸಿ ನೋಡಿದರು. ಒಡವೆಯನ್ನು ಶಾಕಿರಾ ಅವರ ತಾಯಿ ಗುರುತಿಸಿದರು. ಕೊನೆಗೆ ಎಲುಬಿನ ಡಿಎನ್‌ಎಯನ್ನು ಆ ತಾಯಿಯ ರಕ್ತಕ್ಕೆ ಹೋಲಿಸಿದರು, ಕೂಡಿಬಂತು. ಸುಪ್ರೀಂ ಕೋರ್ಟ್ 2008ರಲ್ಲಿ ಶ್ರದ್ಧಾನಂದನ ಗಲ್ಲನ್ನು ತಪ್ಪಿಸಿ, ಉಸಿರಿರುವ ತನಕ ಜೈಲು ಎಂದಿತು.

ಡಿಎನ್‌ಎಯಿಂದ ಗುರುತು ಹಿಡಿಯುವ ಈ ವಿದ್ಯೆ ಹುಟ್ಟಿದ್ದು 1984ರಲ್ಲಿ, ಇಂಗ್ಲೆಂಡಿನ ಲೆಸ್ಟರ್‌ನ ಅಲೆಕ್ ಜೆಫ್ರೀಸ್ ಅವರ ಕೈಯಲ್ಲಿ. ಅಲ್ಲಿ ಇಬ್ಬರು ಹುಡುಗಿಯರ ಕೊಲೆಯ ತನಿಖೆಯಲ್ಲಿ ಅದು ಮೊದಲು ಮಾಡಿದ ಕೆಲಸ ಕೊಲೆಗಾರನನ್ನು ಹಿಡಿದದ್ದಲ್ಲ, ತಾನೇ ಕೊಂದೆನೆಂದು ಪೊಲೀಸರ ಮುಂದೆ ಒಪ್ಪಿಕೊಂಡಿದ್ದ ನಿರಪರಾಧಿ ಹುಡುಗನನ್ನು ಬಿಡಿಸಿದ್ದು. ನನಗೆ ಈ ವಿದ್ಯೆಯ ಮೇಲೆ ಗೌರವ ಬಂದದ್ದೇ ಅದರಿಂದ. ನಮ್ಮ ದೇಶದಲ್ಲಿ ಅದು ಬೇರುಬಿಟ್ಟಿದ್ದು ಈ ರೈಲು ಹೋಗುವ ಹೈದರಾಬಾದಿನಲ್ಲೇ. ಅಲ್ಲಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ಲಾಲ್ಜಿ ಸಿಂಗ್ ಕಟ್ಟುಹಾವಿನ ಡಿಎನ್‌ಎ ತುಣುಕೊಂದನ್ನು ಹಿಡಿದು ಮನುಷ್ಯರ ಗುರುತು ಬಿಡಿಸುವ ದಾರಿ ಕಂಡುಕೊಂಡರು. (ಹಾವೆಂದರೆ ಕೋಲು ಹುಡುಕುವ ನಾವು!)

ಸುಣ್ಣದ ನೆಲದಲ್ಲಿ ಎಲುಬು ಬೇಗ ಕರಗುವುದಿಲ್ಲ. ಹುಳಿ ಮಣ್ಣಾದರೆ ತಿಂದುಬಿಡುತ್ತದೆ. ಹಲ್ಲಿನೊಳಗೆ, ತೊಡೆಯ ಎಲುಬಿನೊಳಗೆ ಡಿಎನ್‌ಎ ವರ್ಷಗಟ್ಟಲೆ ಕಾದಿರುತ್ತದೆ. ಆದರೆ ಅದು ತಾನಾಗಿ ಹೆಸರು ಹೇಳಲಾರದು. ಮಗು ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಪಡೆದದ್ದು ಅದು. ಕೂಡಿಸಿ ನೋಡಲು ಆಚೆ ಬದಿಗೆ ಒಡಹುಟ್ಟಿದವರೋ ಹೆತ್ತವರೋ ಬೇಕು. ಹುಡುಕುವವರೇ ಇಲ್ಲದ ಎಲುಬು ಪ್ರಯೋಗಾಲಯದಲ್ಲೂ ಮೂಕವೇ.

ವಾಡಿ ದಾರಿಯ ಹಳಿಗಳ ಬದಿಯಲ್ಲಿ, ಹಾಳು ಗಣಿಯ ನೀರಿನಲ್ಲಿ ಸಿಕ್ಕವರ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಬರುತ್ತದೆ: ‘ಅಪರಿಚಿತ ಶವ ಪತ್ತೆ’. ಎತ್ತರ, ಅಂಗಿಯ ಬಣ್ಣ, ಕೈಮೇಲಿನ ಹಚ್ಚೆ. ಚಹಾ ಮುಗಿಯುವಷ್ಟರಲ್ಲಿ ಪುಟ ತಿರುವಿರುತ್ತೇನೆ. ಕಾಣೆಯಾದವರಿಗೂ ಗುರುತು ಸಿಗದ ಶವಗಳಿಗೂ ಡಿಎನ್‌ಎ ಸೂಚಿ ಮಾಡಬೇಕೆಂದು 2019ರಲ್ಲಿ ಲೋಕಸಭೆಗೆ ತಂದ ಮಸೂದೆಯನ್ನು 2023ರಲ್ಲಿ ಹಿಂದಕ್ಕೆ ಪಡೆದರು. ಎಲ್ಲರ ಗುರುತು ಸರಕಾರದ ಕೈಗೆ ಹೋದೀತೆಂಬ ಅಂಜಿಕೆ ಸುಳ್ಳಲ್ಲ. ಆದರೂ ಆ ಮೂಲೆಯ ಸುದ್ದಿ ಕಣ್ಣಿಗೆ ಚುಚ್ಚುತ್ತದೆ.

ದುಡಿಯಲು ಹೋದ ತಮ್ಮನೋ, ಮುನಿಸಿಕೊಂಡು ಹೋದ ಅಕ್ಕನೋ ನಿಮ್ಮ ಮನೆಗೆ ಮರಳಿಲ್ಲವೆಂದರೆ, ಹತ್ತು ವರ್ಷವಾಗಿದ್ದರೂ ಸರಿ, ಠಾಣೆಗೆ ಹೋಗಿ ದೂರು ಬರೆಸಿ. ತಾಯಿ ಇರುವಾಗಲೇ ಹೋಗಿ.