ಕತ್ತಲೆಯ ಕಾವಲು

ಕಾಣುವುದೆಲ್ಲವನ್ನೂ ನೋಡುವ ಹಕ್ಕು ನಮಗಿದೆಯೆ? ನೋಡಿದುದೆಲ್ಲವನ್ನೂ ಇತರರಿಗೆ ತೋರಿಸುವ ಹಕ್ಕಿದೆಯೆ? ಇವು ದೊಡ್ಡ ಪಂಡಿತರಿಗೆ ಸೇರಿದ ಪ್ರಶ್ನೆಗಳೆಂದು ನಾನು ಬಹುಕಾಲ ಭಾವಿಸಿದ್ದೆನು. ಹೊಸದೊಂದು ಕ್ಯಾಮರಾ ಕೈಗೆ ಬಂದ ಮೇಲೆ ಇವು ನನ್ನ ಬಾಗಿಲಿಗೇ ಬಂದು ನಿಂತವು.

ಎರಡು ವರ್ಷಗಳ ಉಳಿತಾಯದಿಂದ ಕೊಂಡ ಕ್ಯಾಮರಾ ಅದು. ರಾತ್ರಿಯ ಹೊತ್ತಿನಲ್ಲಿಯೂ ಕೈಯಲ್ಲಿ ಹಿಡಿದೇ ಚಿತ್ರ ತೆಗೆಯಬಹುದೆಂಬುದು ಅದರ ಹೆಗ್ಗಳಿಕೆ. ಪರೀಕ್ಷಿಸಿ ನೋಡೋಣವೆಂದು ಒಂದು ಶನಿವಾರ ಸಂಜೆ ಧರ್ಮಪುರಿಯಲ್ಲಿ ಸೇಲಮಿನ ಬಸ್ಸು ಹತ್ತಿದೆನು. "ಸಾರ್, ಸೋಮವಾರ ಎಲ್ಲ ಚಿತ್ರಗಳನ್ನೂ ನಮಗೆ ತೋರಿಸಬೇಕು" ಎಂದು ನನ್ನ ತರಗತಿಯ ಮಕ್ಕಳು ಮೊದಲೇ ಮಾತು ತೆಗೆದುಕೊಂಡಿದ್ದರು.

ಈ ಉಪಕರಣದ ಗುಣವನ್ನು ಮೊದಲು ಹೇಳಬೇಕು. ಬೆಳಕು ಕಡಮೆಯಾದಷ್ಟೂ ಕ್ಯಾಮರಾದ ಷಟರನ್ನು ಹೆಚ್ಚು ಹೊತ್ತು ತೆರೆದಿಡಬೇಕು. ತೆರೆದಿಟ್ಟಷ್ಟೂ ಕೈನಡುಕವು ಚಿತ್ರವನ್ನು ಕಲಕುತ್ತದೆ. 50 ಮಿಲಿಮೀಟರ್ ಸಂಗಮದೂರದ ಮಸೂರವಾದರೆ, ಸೆಕೆಂಡಿನ 50ರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಕೈಯನ್ನು ನಂಬಬಾರದೆಂಬುದು ಫಿಲ್ಮಿನ ಕಾಲದ ಛಾಯಾಗ್ರಾಹಕರ ಲೆಕ್ಕ. ಆದಕಾರಣ ರಾತ್ರಿಯಲ್ಲಿ ಟ್ರೈಪಾಡ್ ಎಂಬ ಮುಕ್ಕಾಲಿಯನ್ನು ಹೂಡಬೇಕಾಗಿತ್ತು, ಇಲ್ಲವೆ ಫ್ಲ್ಯಾಷ್ ಬೆಳಗಬೇಕಾಗಿತ್ತು. ಈಗಲಾದರೋ ಕೈಯ ಅಲುಗಾಟವನ್ನು ಅಳೆದು, ಬೆಳಕನ್ನು ಗ್ರಹಿಸುವ ಫಲಕವನ್ನೇ ಅದಕ್ಕೆ ಸರಿಯಾಗಿ ಜರುಗಿಸುವ ಏರ್ಪಾಡು ಹಲವು ಕ್ಯಾಮರಾಗಳಲ್ಲಿದೆ. ಐ.ಎಸ್.ಒ. ಎಂಬ ಸಂವೇದನೆಯ ಅಳತೆಯನ್ನು 100ರಿಂದ 6400ಕ್ಕೆ ಏರಿಸಿದರೆ, ಮೊದಲಿನ 64ರಲ್ಲಿ ಒಂದು ಪಾಲು ಬೆಳಕು ಸಾಕು. ಚಿತ್ರದ ಮೇಲೆ ಸಣ್ಣ ಮರಳು ಚೆಲ್ಲಿದಂತೆ ಕಂಡೀತು, ಅಷ್ಟೆ.

ಸೇಲಮಿನ ಹಳೆಯ ಬಸ್ ನಿಲ್ದಾಣದ ಬಳಿಯ ಹೂವಿನ ಮಾರುಕಟ್ಟೆಯಲ್ಲಿ ಮಲ್ಲಿಗೆಯ ರಾಶಿಯನ್ನು ತೆಗೆದೆನು. ಕೋಟೆ ಮಾರಿಯಮ್ಮನ ಗುಡಿಯ ದೀಪಗಳನ್ನು ತೆಗೆದೆನು. ಕೈ ನಡುಗಿದರೂ ಚಿತ್ರ ನಡುಗಲಿಲ್ಲ. ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಮುಂದೆ ಶೆವ್ವಾಪೇಟೆಯ ಬೀದಿಯೊಂದರಲ್ಲಿ, ಮುಚ್ಚಿದ ಅಂಗಡಿಯ ಮುಂದೆ, ಕೈಗಾಡಿಯ ಮೇಲೆ ಯಾರೋ ಮಲಗಿದ್ದರು. ನನ್ನ ಕಣ್ಣಿಗೆ ಕಂಡುದು ಕಪ್ಪಾದ ಒಂದು ಆಕಾರ ಮಾತ್ರ. ಕ್ಯಾಮರಾ ಎತ್ತಿ ಗುಂಡಿ ಒತ್ತಿದೆನು. ಬೆಳಕು ಮಿಂಚಲಿಲ್ಲ, ಸದ್ದಾಗಲಿಲ್ಲ, ಮಲಗಿದ್ದವನು ಮಿಸುಕಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಆ ಚಿತ್ರವನ್ನು ಹಿಗ್ಗಿಸಿ ನೋಡಿದೆನು. ಕಣ್ಣಿಗೆ ಕಾಣದುದನ್ನು ಯಂತ್ರ ಕಂಡಿತ್ತು. ಹರಿದ ಬನಿಯನ್ನು, ತಲೆಯಡಿಯ ಗೋಣಿಚೀಲ, ಅರೆತೆರೆದ ಬಾಯಿ, ಮುಖ. ಆ ಮುಖವನ್ನು ನಾನು ಬಲ್ಲೆನು. ಆತ ನನ್ನ ತರಗತಿಯ ಹುಡುಗನೊಬ್ಬನ ತಂದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟು ಬಂದು, ಮುಂದಿನ ಸಾಲಿನಲ್ಲಿ ನೆಟ್ಟಗೆ ಕುಳಿತಿದ್ದವರು. ಹುಡುಗನು "ನನ್ನ ತಂದೆ" ಎಂಬ ಪ್ರಬಂಧದಲ್ಲಿ, ಅವರು ಸೇಲಮಿನ ದೊಡ್ಡ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆಂದು ಬರೆದಿದ್ದನು. ನಾನು ಅದಕ್ಕೆ "ಚೆನ್ನಾಗಿದೆ" ಎಂದು ಷರಾ ಹಾಕಿದ್ದೆನು.

ದುಡಿಮೆಯಲ್ಲಿ ನಾಚಿಕೆಯೇನಿದೆ ಎಂದು ವಾಚಕರು ಕೇಳಬಹುದು. ಏನೂ ಇಲ್ಲ, ಮಕ್ಕಳಿಗೆ ನಾನೇ ಎಷ್ಟೋ ಸಲ ಹಾಗೆ ಬೋಧಿಸಿದ್ದೇನೆ. ಆದರೆ ನಾಚಿಕೆಯಿಲ್ಲವೆಂದು ಹೇಳಬೇಕಾದವರು ಆ ತಂದೆಯೇ ಹೊರತು ನಾನಲ್ಲ. ಬಿಳಿಯ ಅಂಗಿ ತೊಟ್ಟು ಬಂದ ದಿನ ಅವರು ತಮ್ಮನ್ನು ನಮಗೆ ತೋರಿಸಿಕೊಂಡರು. ಕೈಗಾಡಿಯ ಮೇಲೆ ಅವರು ಯಾರಿಗೂ ಏನನ್ನೂ ತೋರಿಸುತ್ತಿರಲಿಲ್ಲ. ಕತ್ತಲೆಯನ್ನು ನಂಬಿ ಮಲಗಿದ್ದರು.

ಇದಕ್ಕೆ ಪ್ರತಿವಾದವೂ ಉಂಟು, ಅದು ಹಗುರವಾದುದಲ್ಲ. ನ್ಯೂಯಾರ್ಕ್ ನಗರದಲ್ಲಿ ಜೇಕಬ್ ರೀಸ್ ಎಂಬ ಪತ್ರಿಕಾ ವರದಿಗಾರನು 1887ರ ಸುಮಾರಿಗೆ ರಾತ್ರಿಯಲ್ಲಿ ಬಡವರ ಇಕ್ಕಟ್ಟಾದ ಕೋಣೆಗಳನ್ನು ಹೊಕ್ಕು, ಮೆಗ್ನೀಸಿಯಂ ಪುಡಿಯ ಬೆಳಕಿನಲ್ಲಿ ಚಿತ್ರ ತೆಗೆದನು. ನಮ್ಮ ಸೇಲಮಿನ ಬಿಳಿಯ ಗುಡ್ಡಗಳಲ್ಲಿ ಅಗೆಯುವ ಮ್ಯಾಗ್ನಸೈಟ್ ಅದಿರಿನಲ್ಲಿರುವುದೂ ಇದೇ ಲೋಹವೇ. ಮಲಗಿದ್ದವರು ಬೆಚ್ಚಿ ಎದ್ದರು. ಅವನು ಅನುಮತಿ ಕೇಳಿದವನಲ್ಲ. ಆದರೂ 1890ರಲ್ಲಿ ಅವನ ಪುಸ್ತಕ ಹೊರಬಂದಾಗ ಉಳ್ಳವರು ತಮ್ಮ ಊರಿನ ಇನ್ನೊಂದು ಅರ್ಧವನ್ನು ಕಂಡರು. ವಸತಿಯ ಸುಧಾರಣೆಗೆ ಅದು ಪ್ರೇರಣೆಯಾಯಿತು. ಕತ್ತಲೆಯು ಬಡವನ ಮಾನವನ್ನು ಕಾಯುವಂತೆಯೇ ಉಳ್ಳವನ ಅಲಕ್ಷ್ಯವನ್ನೂ ಕಾಯುತ್ತದೆ ಎಂಬುದು ನಿಜ.

ಅದೇ ನಗರದಲ್ಲಿ ವಾಕರ್ ಎವನ್ಸ್ ಎಂಬಾತನು 1938ರಿಂದ 1941ರವರೆಗೆ ಕೋಟಿನೊಳಗೆ ಕ್ಯಾಮರಾ ಬಚ್ಚಿಟ್ಟುಕೊಂಡು, ಸುರಂಗ ರೈಲಿನ ಪ್ರಯಾಣಿಕರನ್ನು ಅವರಿಗೆ ತಿಳಿಯದಂತೆ ತೆಗೆದನು. ಆದರೆ ಅವು ಪುಸ್ತಕವಾಗಿ ಬಂದುದು 1966ರಲ್ಲಿ. ಕದ್ದು ನೋಡಿದುದಕ್ಕೂ ಪುಸ್ತಕವಾಗಿ ತೋರಿಸಿದುದಕ್ಕೂ ನಡುವೆ ಇಪ್ಪತ್ತೈದು ವರ್ಷಗಳು ಸಂದಿದ್ದವು.

ಇವರಿಬ್ಬರನ್ನು ನನ್ನ ಪಕ್ಕದಲ್ಲಿ ನಿಲ್ಲಿಸಿ ನೋಡಿಕೊಂಡೆನು. ರೀಸನಿಗೆ ಒಂದು ಉದ್ದೇಶವಿತ್ತು. ಅವನ ಬೆಳಕು "ನಾನು ಬಂದಿದ್ದೇನೆ" ಎಂದು ಸಾರಿ ಹೇಳುತ್ತಿತ್ತು, ಬೈಯಲಿಕ್ಕಾದರೂ ಮಲಗಿದ್ದವನಿಗೆ ಅವಕಾಶವಿತ್ತು. ಎವನ್ಸನಿಗೆ ಕಾಯುವ ತಾಳ್ಮೆಯಿತ್ತು. ನನಗೆ ಇದ್ದುದು ಹೊಸ ವಸ್ತುವಿನ ಹುರುಪು ಮಾತ್ರ. ಆ ರಾತ್ರಿಯೇ ಚಿತ್ರವನ್ನು ಅಳಿಸಿದೆನು.

ಸೋಮವಾರ ಮಕ್ಕಳಿಗೆ ಮಲ್ಲಿಗೆಯನ್ನೂ ದೀಪಗಳನ್ನೂ ತೋರಿಸಿದೆನು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿಡುವಿನಲ್ಲಿ ಆ ಹುಡುಗ ಬಳಿಗೆ ಬಂದು ಕೇಳಿದನು: "ಸಾರ್, ಶೆವ್ವಾಪೇಟೆಗೆ ಹೋಗಿದ್ದಿರಾ? ನಮ್ಮಪ್ಪ ಅಲ್ಲೇ ಇರೋದು. ಕಂಡರಾ?" "ಸೇಲಂ ದೊಡ್ಡ ಊರಪ್ಪಾ" ಎಂದೆನು. ಅದು ಸುಳ್ಳಲ್ಲ, ಸತ್ಯವೂ ಅಲ್ಲ. ಸತ್ಯವನ್ನೇ ನುಡಿಯಬೇಕೆಂದು ಕಲಿಸುವ ನಾಲಗೆಯಿಂದ ಆ ಮಾತು ಬಂದಿತು. ಚಿತ್ರವನ್ನು ಅಳಿಸಬಹುದು, ಕಂಡುದನ್ನು ಅಳಿಸಲಾಗದು. ಕೇಳದೆ ನೋಡಿದುದಕ್ಕೆ ನಾನು ತೆತ್ತ ಬೆಲೆ ಅದು.

ನನಗೆ ತೋರಿದುದು ಇಷ್ಟು. ಹಿಂದೆ ಕತ್ತಲೆಯೇ ಮನುಷ್ಯನಿಗೆ ಕಾವಲಾಗಿತ್ತು. ನಾವು ಸಜ್ಜನರಾಗಿದ್ದರೂ ಆಗದಿದ್ದರೂ ಅದು ತನ್ನ ಕೆಲಸವನ್ನು ಮಾಡುತ್ತಿತ್ತು. ಇಂದು ಯಂತ್ರವು ಆ ಕಾವಲುಗಾರನನ್ನು ಕಳುಹಿಸಿಬಿಟ್ಟಿದೆ. ತೆರವಾದ ಆ ಜಾಗದಲ್ಲಿ ನಾವೇ ನಿಲ್ಲಬೇಕು. ಎಚ್ಚರವಾಗಿರುವವರನ್ನು ಕೇಳಿ ತೆಗೆಯೋಣ. ನಿದ್ರಿಸುವವರನ್ನು ಕೇಳಲಾಗದು, ಅವರು ಏಳುವವರೆಗೆ ಕಾಯೋಣ. ಅನ್ಯಾಯವನ್ನು ಬಯಲಿಗೆಳೆಯಲು ತೋರಿಸಲೇಬೇಕಾದರೆ, ತೋರಿಸುವುದು ಯಾರ ಹಿತಕ್ಕೆಂದು ಮೊದಲು ನಮ್ಮನ್ನೇ ಕೇಳಿಕೊಳ್ಳೋಣ.

ಇಲ್ಲಿ ಹುಡುಗನ ಗುರುತು ಸಿಕ್ಕದಂತೆ ಕೆಲವು ವಿವರಗಳನ್ನು ಬದಲಿಸಿ ಬರೆದಿದ್ದೇನೆ. ಇಲ್ಲವಾದರೆ ಈ ಲೇಖನವೇ ಅಳಿಸಿದ ಆ ಚಿತ್ರದ ಇನ್ನೊಂದು ಪ್ರತಿಯಾದೀತು.