ದುಃಖದ ವರ್ಷದಲ್ಲಿ ನವರಾತ್ರಿ

ಪಿತೃಪಕ್ಷದ ಕೊನೆಯ ದಿನ ಮಹಾಲಯ ಅಮಾವಾಸ್ಯೆ. ಬೆಳಗಾದರೆ ಶರನ್ನವರಾತ್ರಿಯ ಪಾಡ್ಯ. ಅಗಲಿದವರಿಗೆ ಎಳ್ಳುನೀರು ಬಿಟ್ಟ ಕೈಯಿಂದಲೇ ಕಲಶಕ್ಕೆ ನೀರು ತುಂಬಬೇಕು. ನಮ್ಮ ಪಂಚಾಂಗದಲ್ಲಿ ಇವೆರಡರ ನಡುವೆ ಇರುವುದು ಒಂದೇ ರಾತ್ರಿ. ಮನಸ್ಸಾದರೋ ಪಂಚಾಂಗ ನೋಡಿ ನಡೆಯುವಂಥದಲ್ಲ. ಮನೆಯಲ್ಲಿ ಸಾವು ಸಂಭವಿಸಿದ ವರ್ಷ ಬಾಗಿಲಿಗೆ ಬರುವ ಹಬ್ಬವನ್ನು ಏನು ಮಾಡಬೇಕು? ನಕ್ಕರೆ ಹೋದವರಿಗೆ ಬಗೆದ ದ್ರೋಹವೇ? ಅಳುತ್ತಲೇ ಕುಳಿತರೆ ಭಗವಂತ ಉಳಿಸಿಕೊಟ್ಟಿರುವುದನ್ನು ಕಾಣದ ಕೃತಘ್ನತೆಯೇ?

ಈ ಪ್ರಶ್ನೆ ಮೈಸೂರು ದಸರೆಯಷ್ಟೇ ಹಳೆಯದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮಹಾನವಮಿಯ ಉತ್ಸವವನ್ನು ಆರಂಭಿಸಲಿದ್ದಾಗ, ಅದರ ಹಿಂದಿನ ದಿನವೇ ಅವರ ಮಗ ನರಸರಾಜ ತೀರಿಕೊಂಡನೆಂದು ಇತಿಹಾಸಕಾರರು ಬರೆದಿದ್ದಾರೆ. ರಾಜರು ವಿದ್ವಾಂಸರೊಡನೆ ಆಲೋಚಿಸಿ, ಅರಮನೆಯವರ ಮರಣದಿಂದಲೂ ಈ ಉತ್ಸವ ನಿಲ್ಲಕೂಡದೆಂದು ಕಟ್ಟಳೆ ಮಾಡಿದರಂತೆ. ಬಾಲ್ಯದಲ್ಲಿ ಇದನ್ನು ನಾನು ಒಬ್ಬ ಧೀರನ ಕಥೆಯೆಂದು ಕೇಳಿದ್ದೆ. ಈಗ ಓದುವಾಗ ಕಾಣುವುದು, ಮಗನನ್ನು ಕಳೆದುಕೊಂಡು ಓಲಗಕ್ಕೆ ಅಣಿಯಾಗುತ್ತಿರುವ ಒಬ್ಬ ತಂದೆ. ಅದೇ ಮನೆತನದ ಶ್ರೀಕಂಠದತ್ತ ನರಸಿಂಹರಾಜ ಒಡೆಯರು 2013ರ ಡಿಸೆಂಬರಿನಲ್ಲಿ ನಿಧನರಾದರು. 2014ರ ಖಾಸಗಿ ದರ್ಬಾರಿನಲ್ಲಿ ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನಿರಿಸಿ ಪೂಜೆ ನಡೆಸಿದರು. ಉತ್ಸವವೂ ನಿಲ್ಲಲಿಲ್ಲ, ಬರಿದಾದ ಸ್ಥಾನವನ್ನು ಯಾರೂ ಮರೆಮಾಡಲೂ ಇಲ್ಲ. ಈ ಎರಡನೆಯ ಮಾತೇ ನನಗೆ ದೊಡ್ಡದಾಗಿ ತೋರುತ್ತದೆ.

ಆದರೆ ಅರಸನ ಧರ್ಮ ಬೇರೆ, ಗೃಹಸ್ಥನ ಧರ್ಮ ಬೇರೆ. ಅರಸನ ಹಬ್ಬ ಪ್ರಜೆಗಳದು. ನಮ್ಮ ನಿಮ್ಮಂಥವರ ಮನೆಗಳಲ್ಲಿ ಸಾವಾದ ವರ್ಷ ಹಬ್ಬ ಮಾಡದಿರುವ ರೂಢಿ ಉಂಟು. ಅದನ್ನು ಹಳಬರ ಅರ್ಥವಿಲ್ಲದ ಕಟ್ಟುಪಾಡೆಂದು ಜರೆದವರಲ್ಲಿ ನಾನೂ ಒಬ್ಬ. ಎರಡು ವರ್ಷಗಳ ಹಿಂದೆ, ಶ್ರಾವಣದಲ್ಲಿ ಹೆಂಡತಿ ತೀರಿಕೊಂಡ ಮೇಲೆ ಅದರ ಕರುಣೆ ಅರಿವಾಯಿತು. ಮುಂಬಯಿಯಂಥ ನಗರದಲ್ಲಿ ನವರಾತ್ರಿ ಬಂತೆಂದರೆ ಬೀದಿಗೆ ಬೀದಿಯೇ ದೀಪ, ಧ್ವನಿವರ್ಧಕ. ಎದುರಾದವರೆಲ್ಲ ಶುಭಾಶಯ ಹೇಳುತ್ತಾರೆ. ಅಂಥಲ್ಲಿ, “ಈ ವರ್ಷ ನಮಗೆ ಹಬ್ಬವಿಲ್ಲ” ಎಂಬ ಒಂದು ಮಾತು ಎಷ್ಟು ದೊಡ್ಡ ಆಸರೆ! ನಗಲೇಬೇಕೆಂದು ಯಾರೂ ಒತ್ತಾಯಿಸಲಾರರು.

ದುಃಖಿತನಿಗೆ “ಇರುವುದನ್ನು ನೆನೆದು ಸಮಾಧಾನ ತಂದುಕೋ” ಎಂದು ಉಪದೇಶಿಸುವವರು ಬಹಳ. ಅವರ ಮನಸ್ಸು ಒಳ್ಳೆಯದೇ. ಆದರೂ ಆ ಉಪದೇಶದಲ್ಲಿ ಏನೋ ಲೆಕ್ಕ ತಪ್ಪಿದೆ ಎನಿಸುತ್ತದೆ. ಹೋದದ್ದನ್ನೂ ಉಳಿದದ್ದನ್ನೂ ತಕ್ಕಡಿಯಲ್ಲಿಟ್ಟು ತೂಗಿದಂತೆ. ಕೃತಜ್ಞ ಎಂಬ ಶಬ್ದವನ್ನೇ ಬಿಡಿಸಿ ನೋಡೋಣ. ಕೃತವನ್ನು, ಎಂದರೆ ಮಾಡಿದ್ದನ್ನು, ಬಲ್ಲವನು ಕೃತಜ್ಞ. ಸಂತೋಷಪಡಬೇಕೆಂಬ ವಿಧಿ ಆ ಶಬ್ದದಲ್ಲಿಲ್ಲ, ತಿಳಿದಿರಬೇಕು, ಅಷ್ಟೆ. ಹಾಗಾದರೆ ಅಳುವವನಷ್ಟು ಕೃತಜ್ಞ ಯಾರು? ತನಗೆ ಯಾರು ಏನು ಮಾಡಿದ್ದರೆಂಬುದು ಅವನಿಗೆ ಬೆಳಗಿನ ಕಾಫಿಯ ಲೋಟದಿಂದ ಹಿಡಿದು ರಾತ್ರಿಯ ಹಾಸಿಗೆಯವರೆಗೆ ಗೊತ್ತಾಗುತ್ತಲೇ ಇರುತ್ತದೆ. ತರ್ಪಣದ ಕೊನೆಯಲ್ಲಿ, ತಾಯಿ ತಂದೆ ಬಂಧುಗಳು ಯಾರೂ ಇಲ್ಲದೆ ಹೋದವರಿಗೂ ನೀರು ಬಿಡುವ ಪದ್ಧತಿಯಿದೆ. ನಮ್ಮ ಲೆಕ್ಕಕ್ಕೆ ಸಿಗದವರ ಋಣವೂ ನಮ್ಮ ಮೇಲಿದೆ ಎಂದಲ್ಲವೇ ಅದರ ಭಾವ?

ಆ ವರ್ಷ ಪಾಡ್ಯದ ಹಿಂದಿನ ಸಂಜೆ ಮಗಳು, “ಅಪ್ಪಾ, ಅಮ್ಮನ ಗೊಂಬೆಗಳನ್ನು ತೆಗೆಯಲೇ ಬೇಡವೇ?” ಎಂದಳು. ಶಾಸ್ತ್ರ ಕೇಳಲು ಊರಿನಲ್ಲಿ ಹಿರಿಯರು ಯಾರೂ ಉಳಿದಿರಲಿಲ್ಲ. ಕೊನೆಗೆ ಪಟ್ಟದ ಗೊಂಬೆಗಳೆರಡನ್ನು ಮಾತ್ರ ಮಣೆಯ ಮೇಲೆ ಕೂರಿಸಿ, ಪಕ್ಕದಲ್ಲೊಂದು ದೀಪವಿಟ್ಟೆವು. ಆರತಿ ಇಲ್ಲ, ಸಿಹಿ ಇಲ್ಲ, ಯಾರನ್ನೂ ಕರೆಯಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ಇಂದಿಗೂ ನಾನರಿಯೆ.

ಐದನೆಯ ದಿನ ಎದುರುಮನೆಯ ಮರಾಠಿ ಗೃಹಿಣಿ ತಾವಾಗಿಯೇ ಬಂದರು. ಪ್ರತಿವರ್ಷವೂ ಗೊಂಬೆ ನೋಡಲು ಬಂದು ಕಡಲೆ ಉಸಲಿ ತಿಂದುಹೋಗುತ್ತಿದ್ದವರು. ಅಂದು ಅವರೇ ಡಬ್ಬಿಯಲ್ಲಿ ಉಸಲಿ ತಂದಿದ್ದರು. ಎರಡೇ ಗೊಂಬೆಗಳ ಮುಂದೆ ಬಹಳ ಹೊತ್ತು ಸುಮ್ಮನೆ ಕುಳಿತು, ಅನಂತರ ಹೇಳಿದರು: ಅವರ ಮಗುವಿಗೆ ಜ್ವರ ವಿಪರೀತವಾಗಿದ್ದ ಮೂರು ರಾತ್ರಿ ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಜೊತೆಗೆ ಕುಳಿತಿದ್ದಳಂತೆ. ಆ ದಿನಗಳಲ್ಲಿ ನಾನು ಕಚೇರಿಯ ಕೆಲಸದ ಮೇಲೆ ಪರಸ್ಥಳದಲ್ಲಿದ್ದೆ. ಅವಳು ಒಮ್ಮೆಯೂ ಹೇಳಿರಲಿಲ್ಲ. ಮೂವತ್ತೊಂದು ವರ್ಷ ಜೊತೆಗೆ ಬಾಳಿದವಳ ಬಗ್ಗೆ ಹೊಸದೊಂದು ಸಂಗತಿ, ಅವಳು ಹೋದ ಮೇಲೆ, ಅವಳ ಗೊಂಬೆಗಳ ಮುಂದೆ ನನಗೆ ತಿಳಿಯಿತು. ನಾನು ಅತ್ತೆ, ಉಸಲಿಯನ್ನೂ ತಿಂದೆ. ಉಪ್ಪು ತುಸು ಹೆಚ್ಚಾಗಿತ್ತು.

ವಿಜಯದಶಮಿಯ ರಾತ್ರಿ ಮಗಳು ಗೊಂಬೆಗಳನ್ನು ಮಲಗಿಸಿ, ಮರುದಿನ ಪೆಟ್ಟಿಗೆಯಲ್ಲಿಡಲು ಹಳೆಯ ಸೀರೆಯ ತುಂಡನ್ನು ಬಿಚ್ಚಿದಳು. ಅದರೊಳಗೆ ಅವಳಮ್ಮನ ಕೈಬರಹದ ಚೀಟಿಯೊಂದಿತ್ತು: “ರಾಣಿಯ ಎಡಗೈ ಸಡಿಲವಾಗಿದೆ, ಜೋಪಾನ.”